ಆರದೆ ಉಳಿದ ಕೆಂಪು ದೀಪ

ಮಕ್ಕಳೇ, ಈ ವಾರದ ಕತೆಯಲ್ಲಿ ತಪ್ಪು ಮಾಡಿದವನು ನಾನೇ. ಅದನ್ನು ಕಂಡುಹಿಡಿದವಳು ಐದನೇ ಕ್ಲಾಸಿನ ನನ್ನ ಮೊಮ್ಮಗಳು ಪುಟ್ಟಿ.

ಒಂದು ಭಾನುವಾರ ಬೆಳಿಗ್ಗೆ ಮೈಸೂರಿನಿಂದ ಮೇಲುಕೋಟೆಗೆ ಹೊರಟಿದ್ದೆವು. ಪುಳಿಯೋಗರೆಯ ಡಬ್ಬಿ, ನೀರಿನ ಬಾಟಲಿ ಎಲ್ಲ ಕಾರಿಗೆ ಏರಿದ್ದವು. ಪುಟ್ಟಿ ಎಲ್ಲರಿಗಿಂತ ಮುಂಚೆ ಓಡಿಹೋಗಿ ಮುಂದಿನ ಸೀಟು ಹಿಡಿದು ಕುಳಿತಳು. ಅವಳಪ್ಪ, ಅಂದರೆ ನನ್ನ ಮಗ, ಕೀಲಿ ತಿರುಗಿಸಿದ. ಸ್ಟೇರಿಂಗಿನ ಹಿಂದೆ ಬಣ್ಣಬಣ್ಣದ ದೀಪಗಳು ಹೊತ್ತಿಕೊಂಡು ಒಂದೊಂದಾಗಿ ಆರಿದವು. ಒಂದು ಮಾತ್ರ ಆರಲಿಲ್ಲ.

“ತಾತ, ಇಲ್ನೋಡು! ಒಬ್ಬ ಮನುಷ್ಯ ಬೆಲ್ಟ್ ಹಾಕ್ಕೊಂಡು ಕೂತಿದಾನೆ, ಎದುರಿಗೆ ಒಂದು ದೊಡ್ಡ ಚೆಂಡಿದೆ. ಇವನ್ಯಾಕೆ ಹೋಗ್ಲಿಲ್ಲ?”

“ಅದು ಏರ್‌ಬ್ಯಾಗಿನ ದೀಪ ಪುಟ್ಟಿ. ಹದಿನೈದು ದಿನದಿಂದ ಹಾಗೇ ಇದೆ,” ಅಂದ ಮಗ. “ಗಾಡಿಯೇನೋ ಚೆನ್ನಾಗೇ ಓಡ್ತಿದೆ ಅಪ್ಪ. ಮೂಲೆ ಗ್ಯಾರೇಜಿನವನು ಆ ದೀಪಾನೇ ಬರದ ಹಾಗೆ ಮಾಡಿಕೊಡ್ತೀನಿ ಅಂದಿದಾನೆ.”

“ಪುಟ್ಟಿಗೆ ಜ್ವರ ಬಂದಾಗ ಥರ್ಮಾಮೀಟರ್ ಬಚ್ಚಿಟ್ಟರೆ ಜ್ವರ ಇಳಿಯುತ್ತೇನೋ?” ಅಂತ ಕೇಳಿದೆ. ಮಗ ಉತ್ತರ ಕೊಡಲಿಲ್ಲ. ಅಂದಿನ ಮೇಲುಕೋಟೆ ಪ್ರಯಾಣ ಅಲ್ಲಿಗೇ ನಿಂತಿತು. ಪುಟ್ಟಿ ಅತ್ತಳು. ಮನೆಯ ಜಗಲಿಯ ಮೇಲೆ ಕುಳಿತು ಪುಳಿಯೋಗರೆ ತಿನ್ನುತ್ತಾ ಅವಳಿಗೆ ಒಂದು ಕತೆ ಹೇಳಿದೆ. ಅದು ನಿಮಗೂ ಇರಲಿ.

1952ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಜಾನ್ ಹೆಟ್ರಿಕ್ ಎಂಬ ಎಂಜಿನಿಯರ್ ಒಂದು ಭಾನುವಾರ ಹೆಂಡತಿ ಮತ್ತು ಏಳು ವರ್ಷದ ಮಗಳ ಜೊತೆ ಕಾರಿನಲ್ಲಿ ಸುತ್ತಾಡಲು ಹೋಗಿದ್ದ. ಮಗಳು ಮುಂದೆ, ಅಪ್ಪ ಅಮ್ಮನ ನಡುವೆ ಕುಳಿತಿದ್ದಳು. ರಸ್ತೆಯಲ್ಲಿ ಇದ್ದಕ್ಕಿದ್ದಂತೆ ಒಂದು ದೊಡ್ಡ ಕಲ್ಲು ಕಂಡಿತು. ಹೆಟ್ರಿಕ್ ಬ್ರೇಕ್ ಒತ್ತಿ ಕಾರನ್ನು ಪಕ್ಕದ ಹಳ್ಳಕ್ಕೆ ಇಳಿಸಿದ. ಆ ಕ್ಷಣದಲ್ಲಿ ಅಪ್ಪ ಅಮ್ಮ ಇಬ್ಬರೂ ಮಗಳು ಮುಗ್ಗರಿಸದಂತೆ ಕೈ ಅಡ್ಡ ಚಾಚಿದರು. ಯಾರಿಗೂ ಪೆಟ್ಟಾಗಲಿಲ್ಲ. ಆದರೆ ಡಿಕ್ಕಿ ಜೋರಾಗಿದ್ದರೆ ಕೈ ಸಾಲುತ್ತಿತ್ತೇ ಎಂಬ ಯೋಚನೆ ಅವನನ್ನು ಬಿಡಲಿಲ್ಲ. ಕೈಗೆ ಬದಲಾಗಿ ತಟ್ಟನೆ ಉಬ್ಬಿ ಅಡ್ಡ ಬರುವ ಒಂದು ಚೀಲದ ಚಿತ್ರ ಬರೆದ. 1953ರಲ್ಲಿ ಅವನಿಗೆ ಅದರ ಪೇಟೆಂಟ್ ಸಿಕ್ಕಿತು. ಅಂಥ ಚೀಲವಿರುವ ಕಾರುಗಳು ಮಾರಾಟಕ್ಕೆ ಬರಲು ಮತ್ತೆ ಸುಮಾರು 20 ವರ್ಷ ಬೇಕಾಯಿತು. ನಮ್ಮ ದೇಶದಲ್ಲಿ ಹೊಸ ಕಾರುಗಳ ಚಾಲಕನ ಮುಂದೆ ಏರ್‌ಬ್ಯಾಗ್ ಇರಲೇಬೇಕೆಂಬ ನಿಯಮ ಬಂದದ್ದು 2019ರ ಜುಲೈ 1ರಂದು.

“ಅಂದ್ರೆ ಏರ್‌ಬ್ಯಾಗ್ ಅಂದ್ರೆ ಅಪ್ಪ ಅಮ್ಮನ ಕೈ!” ಅಂದಳು ಪುಟ್ಟಿ.

ಹೌದು, ಆದರೆ ಬಹಳ ಚುರುಕಾದ ಕೈ. ಕಾರು ಜೋರಾಗಿ ಡಿಕ್ಕಿ ಹೊಡೆದರೆ ಸೆನ್ಸರ್‌ಗಳು ಒಂದು ಪುಟ್ಟ ಕಂಪ್ಯೂಟರಿಗೆ ಸುದ್ದಿ ಕೊಡುತ್ತವೆ. ಅದು ಚೀಲದೊಳಗೆ ಅನಿಲ ಉಕ್ಕುವಂತೆ ಮಾಡುತ್ತದೆ. ನಾವು ಕಣ್ಣು ಮಿಟುಕಿಸುವುದರೊಳಗೆ ಚೀಲ ತುಂಬಿರುತ್ತದೆ. ಕೀಲಿ ತಿರುಗಿಸಿದಾಗಲೆಲ್ಲ ಈ ಕಂಪ್ಯೂಟರ್ ತನ್ನ ವೈರುಗಳನ್ನೂ ಸೆನ್ಸರ್‌ಗಳನ್ನೂ ಪರೀಕ್ಷೆ ಮಾಡಿಕೊಳ್ಳುತ್ತದೆ. ಎಲ್ಲ ಸರಿ ಇದ್ದರೆ ಕೆಲವು ಸೆಕೆಂಡುಗಳಲ್ಲಿ ದೀಪ ಆರುತ್ತದೆ. ದೀಪ ಆರದಿದ್ದರೆ, ಓಡುವಾಗ ಹೊತ್ತಿಕೊಂಡರೆ, ಮಿಣುಕುತ್ತಿದ್ದರೆ ಎಲ್ಲೋ ತೊಂದರೆ ಇದೆ ಎಂದರ್ಥ. ಅಂಥ ಹೊತ್ತಿನಲ್ಲಿ ಅಪಘಾತವಾದರೆ ಚೀಲ ಬಿಚ್ಚಿಕೊಳ್ಳದೇ ಇರಬಹುದು. ಸೀಟ್ ಬೆಲ್ಟನ್ನು ಗಕ್ಕನೆ ಬಿಗಿಯುವ ಸಾಧನವೂ ಕೈಕೊಡಬಹುದು. ಕಾರು ಮಾತ್ರ ಎಂದಿನಂತೆಯೇ ಓಡುತ್ತಿರುತ್ತದೆ. ನಮ್ಮನ್ನು ಮೋಸಗೊಳಿಸುವುದು ಇದೇ.

ಹಾಗಾದರೆ ಏನು ಮಾಡಬೇಕು? ಗಾಬರಿ ಬೇಡ, ಉದಾಸೀನವೂ ಬೇಡ. ದೂರದ ಪ್ರಯಾಣ ಮುಂದಕ್ಕೆ ಹಾಕಿ. ಹಿಂದೆ ಕುಳಿತವರೂ ಸೇರಿ ಎಲ್ಲರೂ ಬೆಲ್ಟ್ ಹಾಕಿಕೊಂಡು, ನಿಧಾನವಾಗಿ ಓಡಿಸಿಕೊಂಡು, ಆ ಕಾರಿನ ಕಂಪನಿಯ ಸರ್ವಿಸ್ ಸೆಂಟರಿಗೋ ಏರ್‌ಬ್ಯಾಗ್ ಕೆಲಸ ತಿಳಿದವರ ಬಳಿಗೋ ಹೋಗಿ. ಕಾರು ಪ್ರವಾಹದ ನೀರಿನಲ್ಲಿ ಮುಳುಗಿದ್ದರೆ ಮಾತ್ರ ಕೀಲಿ ಮುಟ್ಟದೆ ಎಳೆಸಿಕೊಂಡೇ ಹೋಗಬೇಕು.

ಮನೆಯಲ್ಲಿ ಯಾರೂ ಈ ವೈರುಗಳಿಗೆ ಕೈ ಹಾಕಬೇಡಿ. ಏರ್‌ಬ್ಯಾಗಿನ ವೈರುಗಳಿಗೆ, ಕನೆಕ್ಟರುಗಳಿಗೆ ಸಾಮಾನ್ಯವಾಗಿ ಹಳದಿ ಬಣ್ಣ ಇರುತ್ತದೆ. ಅದು ‘ಮುಟ್ಟಬೇಡ’ ಎಂಬ ಗುರುತು. ಟೆಸ್ಟರ್ ಇಟ್ಟು ನೋಡಿದರೂ ಚೀಲ ಸಿಡಿಯಬಹುದು. ಬ್ಯಾಟರಿಯ ವೈರು ಬಿಚ್ಚಿದ ಮೇಲೂ ಕೆಲವು ನಿಮಿಷ ಅದರೊಳಗೆ ವಿದ್ಯುತ್ ಉಳಿದಿರುತ್ತದೆ. ಫ್ಯೂಸ್ ಕಿತ್ತು ದೀಪ ಆರಿಸಲು ನೋಡುವುದು, ಬಲ್ಬ್ ತೆಗೆಸುವುದು ನಮಗೆ ನಾವೇ ಮಾಡಿಕೊಳ್ಳುವ ಮೋಸ.

ಮರುದಿನ ಸರ್ವಿಸ್ ಸೆಂಟರಿನಲ್ಲಿ ಒಬ್ಬ ಹುಡುಗ ಕಾರಿಗೆ ಯಂತ್ರ ಜೋಡಿಸಿ ಪರೀಕ್ಷಿಸಿದ. ಮುಂದಿನ ಎಡ ಸೀಟಿನ ಕೆಳಗೆ ಒಂದು ಹಳದಿ ಕನೆಕ್ಟರ್ ಸಡಿಲವಾಗಿತ್ತು.

“ಸೀಟಿನ ಕೆಳಗೆ ಏನಾದ್ರೂ ತುರುಕಿದ್ರಾ ಸಾರ್?” ಅಂತ ಕೇಳಿದ.

ಪುಟ್ಟಿ ನನ್ನ ಮುಖ ನೋಡಿದಳು. ಮಳೆಗಾಲವಿಡೀ ನನ್ನ ಉದ್ದ ಕೊಡೆಯನ್ನು ಅಲ್ಲಿಗೇ ತುರುಕುತ್ತಿದ್ದವನು ನಾನು!

ಅಜ್ಜ ಅಜ್ಜಿಯರೇ, ನಮಗೂ ಕೆಲವು ಮಾತುಗಳಿವೆ. ಸೀಟಿನ ಕೆಳಗೆ ಕೊಡೆ, ಚೀಲ ಇಡುವುದು ಬೇಡ. ಸ್ಟೇರಿಂಗಿಗೂ ನಮ್ಮ ಎದೆಗೂ ನಡುವೆ 25 ಸೆಂಟಿಮೀಟರ್ ಆದರೂ ಜಾಗ ಇರಲಿ. ಡ್ಯಾಶ್‌ಬೋರ್ಡಿನಲ್ಲಿ ಏರ್‌ಬ್ಯಾಗ್ ಇರುವ ಜಾಗದ ಮೇಲೆ ದೇವರ ಮೂರ್ತಿಯನ್ನೂ ಅಂಟಿಸಬಾರದು. ಚೀಲ ಸಿಡಿದರೆ ಅದು ಕಲ್ಲಿನಂತೆ ಬಂದು ಬಡಿಯುತ್ತದೆ. ಹಳೆಯ ಕಾರು ಕೊಳ್ಳುವಾಗ ಕೀಲಿ ತಿರುಗಿಸಿ ನೋಡಿ. ದೀಪ ಹೊತ್ತಿ ಆರಬೇಕು. ಹೊತ್ತಲೇ ಇಲ್ಲವೆಂದರೆ ಅದೂ ತೊಂದರೆಯೇ. ಯಾರೋ ದೀಪವನ್ನೇ ಮುಚ್ಚಿಹಾಕಿರಬಹುದು.

ಮಕ್ಕಳೇ, 13 ವರ್ಷ ತುಂಬುವವರೆಗೆ ನಿಮ್ಮ ಜಾಗ ಹಿಂದಿನ ಸೀಟು, ಬೆಲ್ಟ್ ಸಮೇತ. ದೊಡ್ಡವರನ್ನು ಕಾಯುವ ಚೀಲ ಅಷ್ಟು ರಭಸದಿಂದ ಬರುವುದರಿಂದ ಚಿಕ್ಕವರಿಗೆ ಅದೇ ಪೆಟ್ಟು ಕೊಡಬಹುದು. ಹಿಂದಕ್ಕೆ ಮುಖ ಮಾಡಿಸುವ ಕೂಸಿನ ಸೀಟನ್ನಂತೂ ಏರ್‌ಬ್ಯಾಗ್ ಇರುವ ಮುಂದಿನ ಸೀಟಿನಲ್ಲಿ ಇಡಲೇಬಾರದು.

ಈಗ ಪುಟ್ಟಿ ನಮ್ಮ ಮನೆಯ ದೀಪದ ಕಾವಲುಗಾರ್ತಿ. ಅಪ್ಪ ಕೀಲಿ ತಿರುಗಿಸಿದ ಕೂಡಲೇ ಹಿಂದಿನ ಸೀಟಿನಿಂದ ಕತ್ತು ಚಾಚಿ “ಒಂದು, ಎರಡು, ಮೂರು...” ಅಂತ ಎಣಿಸುತ್ತಾಳೆ. ಹತ್ತರೊಳಗೆ ದೀಪ ಆರಿದರೆ “ರೈಟ್!” ಅನ್ನುತ್ತಾಳೆ. ಆಮೇಲೆಯೇ ಗಾಡಿ ಹೊರಡುವುದು. ನೀವೂ ನಿಮ್ಮ ಮನೆಯಲ್ಲಿ ಈ ಕೆಲಸ ವಹಿಸಿಕೊಳ್ಳಿ.

ಅಂದಹಾಗೆ, ಮುಂದಿನ ಭಾನುವಾರವೇ ಮೇಲುಕೋಟೆಗೆ ಹೋಗಿಬಂದೆವು. ನನ್ನ ಕೊಡೆ ಡಿಕ್ಕಿಯಲ್ಲಿತ್ತು.