ಮುಂದಿನ ಅಧ್ಯಾಯಕ್ಕೆ ಕಾದು ಕುಳಿತ ಪ್ರೇಕ್ಷಕ

ಬೆಂಗಳೂರು: ಮೇಖ್ರಿ ವೃತ್ತದಿಂದ ನಗರದೊಳಕ್ಕೆ ಬರುವ ಹಾದಿಯಲ್ಲಿ ‘ಕಾವೇರಿ ಜಂಕ್ಷನ್’ ಎಂಬ ಹೆಸರು ಇನ್ನೂ ಉಳಿದಿದೆ, ಆ ಹೆಸರಿಗೆ ಕಾರಣವಾದ ಚಿತ್ರಮಂದಿರ ಉಳಿದಿಲ್ಲ. 1974ರಲ್ಲಿ ಆರಂಭವಾಗಿದ್ದ ಕಾವೇರಿ 2024ರಲ್ಲಿ ಬಾಗಿಲು ಮುಚ್ಚಿತು. ಹೆಬ್ಬಾಳ, ಆರ್.ಟಿ. ನಗರ, ಯಲಹಂಕದ ಚಿತ್ರರಸಿಕರು ಈಗ ಹೆಚ್ಚಾಗಿ ಮುಖ ಮಾಡುವುದು ಮಾಲ್‌ಗಳತ್ತ. ಅಲ್ಲಿನ ದೊಡ್ಡ ಫಲಕಗಳಲ್ಲಿ ಕಾಣುವುದೋ, ‘ಭಾಗ ಎರಡು’, ‘ಭಾಗ ಮೂರು’, ಇಲ್ಲವೇ ಹಳೆಯ ಚಿತ್ರದ ಪೂರ್ವಕಥೆ. ಈ ಸರಣಿಗಳಿಂದ ಪ್ರೇಕ್ಷಕ ಬೇಸತ್ತಿದ್ದಾನೆಯೇ?

ಗಲ್ಲಾಪೆಟ್ಟಿಗೆಯನ್ನು ಕೇಳಿದರೆ ‘ಇಲ್ಲ’ ಎನ್ನುತ್ತದೆ. 2018ರ ‘ಕೆಜಿಎಫ್’ನ ಎರಡನೇ ಅಧ್ಯಾಯ 2022ರ ಏಪ್ರಿಲ್‌ನಲ್ಲಿ ತೆರೆಕಂಡು ಸಾವಿರ ಕೋಟಿ ರೂಪಾಯಿ ಗಳಿಕೆಯನ್ನು ದಾಟಿತು. 2025ರ ಅಕ್ಟೋಬರ್ 2ರಂದು ಬಂದ ‘ಕಾಂತಾರ: ಅಧ್ಯಾಯ 1’ ಆ ವರ್ಷ ದೇಶದಲ್ಲೇ ಅತಿ ಹೆಚ್ಚು ಗಳಿಸಿದ ಚಿತ್ರಗಳ ಸಾಲಿಗೆ ಸೇರಿತು. ಬೇಸತ್ತವರು ಹೀಗೆ ಸಾಲುಗಟ್ಟಿ ನಿಲ್ಲುವುದಿಲ್ಲ.

ಆದರೆ ಗಾಂಧಿನಗರದ ನೆನಪು ಇಷ್ಟಕ್ಕೇ ಮುಗಿಯಬಾರದು. 2006ರ ಕೊನೆಯಲ್ಲಿ ಬಂದ ‘ಮುಂಗಾರು ಮಳೆ’ ಮಲ್ಟಿಪ್ಲೆಕ್ಸ್ ಒಂದರಲ್ಲೇ ವರ್ಷಕ್ಕೂ ಮೀರಿ ಓಡಿತು. ಬೇರೆ ಕಥೆ, ಬೇರೆ ನಿರ್ದೇಶಕರೊಂದಿಗೆ 2016ರಲ್ಲಿ ಬಂದ ಎರಡನೆಯದು ಅದರ ಸನಿಹಕ್ಕೂ ಸುಳಿಯಲಿಲ್ಲ. 2012ರ ‘ದಂಡುಪಾಳ್ಯ’ ಭರ್ಜರಿಯಾಗಿ ಗೆದ್ದಿತು. 2017, 2018, 2019ರಲ್ಲಿ ಸಾಲಾಗಿ ಬಂದ ಮುಂದಿನ ಮೂರು ಚಿತ್ರಗಳಿಗೆ ಆ ಬಿಸಿ ದಕ್ಕಲಿಲ್ಲ. ಅದೇ ಪಾತಕಿಗಳ ಅದೇ ಕ್ರೌರ್ಯಕ್ಕೆ ವರ್ಷವರ್ಷವೂ ದುಡ್ಡು ತೆರಲು ಜನ ಒಪ್ಪಲಿಲ್ಲ, ಅಷ್ಟೆ.

ಹಾಗಾದರೆ ಸರಣಿ ಎಂಬುದೇ ಕನ್ನಡಿಗರಿಗೆ ಒಗ್ಗದೇ? ಖಂಡಿತ ಅಲ್ಲ. ದೊರೈ-ಭಗವಾನ್ ಜೋಡಿ 1968ರಲ್ಲಿ ‘ಜೇಡರ ಬಲೆ’ಯ ಮೂಲಕ ಸಿಐಡಿ 999 ಪಾತ್ರವನ್ನು ಪರಿಚಯಿಸಿತು. ಅದೇ ವರ್ಷ ‘ಗೋವಾದಲ್ಲಿ ಸಿಐಡಿ 999’, ಮರುವರ್ಷ ‘ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿಐಡಿ 999’, 1978ರಲ್ಲಿ ‘ಆಪರೇಷನ್ ಡೈಮಂಡ್ ರಾಕೆಟ್’ ಬಂದವು. ಪ್ರತಿ ಚಿತ್ರಕ್ಕೂ ಅದರದೇ ಆದ ಆದಿ, ಅಂತ್ಯವಿತ್ತು. ಹಿಂದಿನದನ್ನು ನೋಡದವನೂ ಟಿಕೆಟ್ ಪಡೆದು ನೆಮ್ಮದಿಯಾಗಿ ಕೂರಬಹುದಿತ್ತು. ಇನ್ನೂ ಮುಖ್ಯವಾದುದೆಂದರೆ, 1968ರ ಒಂದೇ ವರ್ಷದಲ್ಲಿ ಡಾ. ರಾಜ್‌ಕುಮಾರ್ ಅವರ ಹತ್ತಕ್ಕೂ ಹೆಚ್ಚು ಚಿತ್ರಗಳು ತೆರೆಕಂಡಿದ್ದವು. ಪತ್ತೇದಾರನ ಪಾತ್ರ ಅವುಗಳ ನಡುವಿನ ಒಂದು ರುಚಿ ಮಾತ್ರ.

ಇಂದು ಸರಣಿ ನಟನ ವರ್ಷಗಳನ್ನೇ ನುಂಗುತ್ತಿದೆ. ‘ಕೆಜಿಎಫ್ 2’ರ ನಂತರ 2025 ಮುಗಿಯುವವರೆಗೂ ಯಶ್ ಅವರ ಒಂದು ಹೊಸ ಚಿತ್ರವೂ ತೆರೆಗೆ ಬರಲಿಲ್ಲ. ರಿಷಬ್ ಶೆಟ್ಟಿ ನಾಯಕರಾಗಿ ‘ಕಾಂತಾರ’ದಿಂದ ಅದರ ಪೂರ್ವಕಥೆಗೆ ಬರಲು ಮೂರು ವರ್ಷ ಹಿಡಿಯಿತು. ಅಷ್ಟು ದೊಡ್ಡ ಚಿತ್ರಕ್ಕೆ ಅಷ್ಟು ಕಾಲ ಬೇಕೆಂಬುದನ್ನು ಒಪ್ಪೋಣ. ಈ ನಡುವಿನ ಶುಕ್ರವಾರಗಳಲ್ಲಿ ಒಂಟಿ ಪರದೆಯ ಚಿತ್ರಮಂದಿರದ ಮಾಲೀಕ ಏನನ್ನು ತೋರಿಸಬೇಕು? ವಿದ್ಯುತ್ ಬಿಲ್ಲು, ಸಿಬ್ಬಂದಿಯ ಸಂಬಳ ಮುಂದಿನ ಅಧ್ಯಾಯದವರೆಗೆ ಕಾಯುವುದಿಲ್ಲ.

ಹಾಲಿವುಡ್‌ನ ಬೇನೆ ಬೇರೆ. 2019ರ ‘ಅವೆಂಜರ್ಸ್: ಎಂಡ್‌ಗೇಮ್’ ನಂತರ ಮಾರ್ವೆಲ್ ಸಂಸ್ಥೆ ಚಿತ್ರ, ಕಿರುತೆರೆ ಸರಣಿ ಎಂದು ಬಡಿಸುತ್ತಲೇ ಹೋಯಿತು, 2023ರ ‘ದಿ ಮಾರ್ವೆಲ್ಸ್’ ಆ ಮಾಲಿಕೆಯಲ್ಲೇ ಅತಿ ಕಡಿಮೆ ಗಳಿಸಿತು. ಅಲ್ಲಿ ಅಜೀರ್ಣವಾದರೆ ಇಲ್ಲಿ ದೀರ್ಘ ಉಪವಾಸ, ನಡುವೆ ಒಂದು ಭೂರಿ ಭೋಜನ. ‘ಸಪ್ತ ಸಾಗರದಾಚೆ ಎಲ್ಲೋ’ ತಂಡ 2023ರ ಸೆಪ್ಟೆಂಬರ್ ಹಾಗೂ ನವೆಂಬರ್‌ನಲ್ಲಿ ಎರಡೂ ಭಾಗಗಳನ್ನು ತೆರೆಗೆ ತಂದು ಕಥೆ ಮುಗಿಸಿತು. ಈ ಶಿಸ್ತನ್ನು ಉಳಿದವರು ಗಮನಿಸಿದಂತಿಲ್ಲ.

ಆ ಭೂರಿ ಭೋಜನದ ದರವೂ ಅಗ್ಗವಲ್ಲ. ತೆರಿಗೆ ಹೊರತುಪಡಿಸಿ ಟಿಕೆಟ್ ದರ 200 ರೂಪಾಯಿ ಮೀರಬಾರದೆಂದು ರಾಜ್ಯ ಸರ್ಕಾರ 2025ರ ಸೆಪ್ಟೆಂಬರ್‌ನಲ್ಲಿ ನಿಯಮ ಹೊರಡಿಸಿತು. ಅದೇ ತಿಂಗಳು ಹೈಕೋರ್ಟ್ ಅದಕ್ಕೆ ಮಧ್ಯಂತರ ತಡೆ ನೀಡಿತು. ನಾಲ್ಕು ಮಂದಿಯ ಕುಟುಂಬ ಇಂತಹ ಒಂದು ಚಿತ್ರಕ್ಕೆ ತಿಂಗಳ ಮನರಂಜನೆಯ ಹಣವನ್ನೆಲ್ಲ ಸುರಿದ ಮೇಲೆ, ಅದೇ ತಿಂಗಳು ಬರುವ ಹೊಸಬರ ಚಿತ್ರಕ್ಕೆ ಉಳಿಯುವುದೆಷ್ಟು?

‘ಕೆಜಿಎಫ್ 2’ರ ಕೊನೆಯಲ್ಲಿ ಮೂರನೇ ಅಧ್ಯಾಯದ ಸುಳಿವನ್ನು ತೋರಿಸಿಯೇ ಪ್ರೇಕ್ಷಕರನ್ನು ಮನೆಗೆ ಕಳುಹಿಸಲಾಗಿತ್ತು. 2018ರಲ್ಲಿ ಹತ್ತನೇ ತರಗತಿಯಲ್ಲಿದ್ದು ಮೊದಲ ಅಧ್ಯಾಯ ನೋಡಿದ ಯಲಹಂಕದ ಹುಡುಗನಿಗೆ ಈಗ ಪದವಿ ಮುಗಿಸಿ ಕೆಲಸಕ್ಕೆ ಸೇರುವ ವಯಸ್ಸು.