ಸರ್ವರ್ ಡೌನ್ ಆದರೆ ಯಾರ ಲೆಕ್ಕಕ್ಕೆ?

ನ್ಯಾಯಬೆಲೆ ಅಂಗಡಿಯ ಮುಂದೆ, ನಾಡಕಚೇರಿಯ ಕಿಟಕಿಯಲ್ಲಿ, ಬ್ಯಾಂಕಿನ ಕೌಂಟರಿನಲ್ಲಿ, ಉಪನೋಂದಣಾಧಿಕಾರಿ ಕಚೇರಿಯ ವರಾಂಡದಲ್ಲಿ ಇವತ್ತು ಕೇಳಿಸುವ ಮಾತು ಒಂದೇ: ‘ಸರ್ವರ್ ಡೌನ್ ಇದೆ, ನಾಳೆ ಬನ್ನಿ.’ ಈ ಮಾತಿಗೆ ಎದುರುಮಾತಿಲ್ಲ. ಗುಮಾಸ್ತರು ರಜೆಯಲ್ಲಿದ್ದಾರೆ ಎಂದರೆ ಬೇರೆಯವರು ನೋಡಲಿ ಎನ್ನಬಹುದು. ಸಾಹೇಬರು ಮೀಟಿಂಗಿನಲ್ಲಿದ್ದಾರೆ ಎಂದರೆ ಮುಗಿಯುವವರೆಗೆ ಕಾಯುತ್ತೇನೆ ಎನ್ನಬಹುದು. ಸರ್ವರ್ ಎಂಬುದು ಎಲ್ಲಿದೆ, ಯಾರ ಕೈಯಲ್ಲಿದೆ, ಯಾವಾಗ ಎದ್ದು ಕೂರುತ್ತದೆ ಎಂಬುದು ಹೇಳುವವರಿಗೂ ಗೊತ್ತಿಲ್ಲ, ಕೇಳುವವರಿಗೂ ಗೊತ್ತಿಲ್ಲ. ಆ ದಿನದ ಕೂಲಿ ಬಿಟ್ಟು, ಬಸ್ ಚಾರ್ಜು ಕೊಟ್ಟು ಬಂದವರು ಚೀಲ ಮಡಚಿಕೊಂಡು ಊರಿನ ದಾರಿ ಹಿಡಿಯುತ್ತಾರೆ.

ತಂತ್ರಜ್ಞಾನದ ಕಿರಿಕಿರಿಯನ್ನು ನಾವು ಬಹಳಮಟ್ಟಿಗೆ ನಗೆಹನಿಯ ವಸ್ತುವನ್ನಾಗಿ ಮಾಡಿಕೊಂಡಿದ್ದೇವೆ. ಪಾಸ್‌ವರ್ಡ್ ಮರೆತ ತಾತ, ಒಟಿಪಿ ಬರುವಷ್ಟರಲ್ಲಿ ಸಮಯ ಮುಗಿದುಹೋದ ಅತ್ತೆ, ‘ಕನ್ನಡಕ್ಕಾಗಿ ಒಂದನ್ನು ಒತ್ತಿ’ ಎಂಬ ದನಿಯೊಂದಿಗೆ ಜಗಳಕ್ಕಿಳಿದ ಚಿಕ್ಕಪ್ಪ ಎಲ್ಲರ ಮನೆಯಲ್ಲೂ ಇದ್ದಾರೆ. ನಗುವುದರಲ್ಲಿ ತಪ್ಪೇನೂ ಇಲ್ಲ. ಆದರೆ ನಗುವಿನ ಮರೆಯಲ್ಲಿ ಒಂದು ಲೆಕ್ಕ ತಪ್ಪಿಹೋಗುತ್ತಿದೆ. ಯಂತ್ರ ಕೆಡುವುದು ಸಹಜ. ಎತ್ತಿನ ಗಾಡಿಯ ಕಾಲದಿಂದಲೂ ಅಚ್ಚು ಮುರಿಯುತ್ತಲೇ ಬಂದಿದೆ. ಕೆಟ್ಟಾಗ ಆಗುವ ನಷ್ಟ ಪ್ರತಿ ಸಲವೂ ಬಳಸುವವರ ತಲೆಗೇ ಕಟ್ಟುತ್ತಿರುವುದು ಹೊಸತು. ನಮ್ಮ ಸಿಟ್ಟಿನ ಬೇರು ಅಲ್ಲಿದೆ, ಪರಿಹಾರವನ್ನೂ ಅಲ್ಲೇ ಹುಡುಕಬೇಕು ಎಂಬುದು ನನ್ನ ವಾದ.

ಈ ನಷ್ಟ ನಮ್ಮ ತಲೆಗೆ ಕಟ್ಟುವ ಮೊದಲ ದಾರಿ ನಮ್ಮ ಸಂಕೋಚವೇ. ‘ನಮಗೆ ಇದೆಲ್ಲ ತಿಳಿಯಲ್ಲಪ್ಪ’ ಎಂದು ಹಿರಿಯರು ಮೊದಲೇ ಸೋಲೊಪ್ಪಿಕೊಳ್ಳುತ್ತಾರೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ ಎಂಬ ಗಾದೆಯ ಭಯ ಎಲ್ಲರಿಗೂ ಇದೆ. ನೆಲ ನಿಜಕ್ಕೂ ಡೊಂಕಾಗಿದ್ದರೆ ಏನು ಮಾಡಬೇಕೆಂದು ಗಾದೆ ಹೇಳುವುದಿಲ್ಲ.

ನೆಲ ಡೊಂಕಾಗಿದ್ದ ಪ್ರಸಂಗವೊಂದು ಇತಿಹಾಸದಲ್ಲಿ ಸ್ಪಷ್ಟವಾಗಿ ದಾಖಲಾಗಿದೆ. 1979ರ ಮಾರ್ಚ್ 28ರ ನಸುಕಿನಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದ ತ್ರೀ ಮೈಲ್ ಐಲ್ಯಾಂಡ್ ಅಣುಸ್ಥಾವರದಲ್ಲಿ ಒತ್ತಡ ಇಳಿಸುವ ಕವಾಟವೊಂದು ತೆರೆದುಕೊಂಡು, ಮತ್ತೆ ಮುಚ್ಚದೆ ಸಿಕ್ಕಿಹಾಕಿಕೊಂಡಿತು. ನಿಯಂತ್ರಣ ಕೊಠಡಿಯ ಫಲಕದಲ್ಲಿ ಮಾತ್ರ ಅದರ ದೀಪ ಆರಿತು. ದೀಪ ಆರಿದೆ ಎಂದರೆ ಕವಾಟ ಮುಚ್ಚಿದೆ ಎಂದೇ ಸಿಬ್ಬಂದಿ ತಿಳಿದರು. ಆ ದೀಪ ತೋರಿಸುತ್ತಿದ್ದುದು ‘ಮುಚ್ಚು’ ಎಂಬ ಆಜ್ಞೆ ಹೋಗಿದೆ ಎಂಬುದನ್ನಷ್ಟೇ. ಕವಾಟ ಮುಚ್ಚಿದೆಯೇ ಇಲ್ಲವೇ ಎಂಬುದು ಅದಕ್ಕೆ ತಿಳಿಯುವಂತೆಯೇ ಇರಲಿಲ್ಲ. ಎರಡು ಗಂಟೆಗೂ ಹೆಚ್ಚು ಕಾಲ ತಂಪುನೀರು ಸೋರಿಹೋಗಿ ಸ್ಥಾವರದ ಒಡಲು ಭಾಗಶಃ ಕರಗಿತು. ಮೊದಲ ಬೆರಳು ತೋರಿದ್ದು ಸಿಬ್ಬಂದಿಯ ಕಡೆಗೇ. ಕಾರಣ ಹುಡುಕಲು ಕರೆಸಿದ ತಜ್ಞರಲ್ಲಿ ಮನಶ್ಶಾಸ್ತ್ರಜ್ಞ ಡೊನಾಲ್ಡ್ ನಾರ್ಮನ್ ಒಬ್ಬರು. ತಪ್ಪು ಮಾಡಿಸುವುದಕ್ಕೆಂದೇ ಕಟ್ಟಿದಂತಿತ್ತು ಆ ಕೊಠಡಿ ಎಂಬ ತೀರ್ಮಾನಕ್ಕೆ ಅವರು ಬಂದರು. ಬಳಸುವವರು ಪದೇ ಪದೇ ಎಡವಿದರೆ ದೋಷ ವಸ್ತುವಿನ ವಿನ್ಯಾಸದಲ್ಲಿರುತ್ತದೆ ಎಂಬ ಅವರ 1988ರ ಪುಸ್ತಕದ ವಾದ ಇಂದು ವಿನ್ಯಾಸ ಕಲಿಯುವವರಿಗೆ ಮೊದಲ ಪಾಠ.

ಆ ದೀಪ ಇಂದು ನಮ್ಮೆಲ್ಲರ ಫೋನಿನಲ್ಲಿ ಉರಿಯುತ್ತಿದೆ. ‘ನಿಮ್ಮ ಅರ್ಜಿ ಯಶಸ್ವಿಯಾಗಿ ಸಲ್ಲಿಕೆಯಾಗಿದೆ’ ಎಂಬ ಹಸಿರು ಅಕ್ಷರಗಳು ಅರ್ಜಿ ಹೊರಟಿತು ಎಂದು ಹೇಳುತ್ತವೆಯೇ ಹೊರತು, ಅದು ಯಾರದಾದರೂ ಮೇಜನ್ನು ತಲುಪಿತೇ ಎಂದು ಹೇಳುವುದಿಲ್ಲ. ತಿಂಗಳ ನಂತರ ಹೋಗಿ ವಿಚಾರಿಸಿದರೆ ‘ನಮ್ಮ ಲಾಗಿನ್‌ಗೆ ಬಂದೇ ಇಲ್ಲ’ ಎಂಬ ಉತ್ತರ. ಯಾರನ್ನು ನಂಬಬೇಕು?

ಪಾಸ್‌ವರ್ಡಿನ ಕಥೆ ಇನ್ನೂ ಬೋಧಪ್ರದ. ದೊಡ್ಡಕ್ಷರ ಇರಲಿ, ಅಂಕಿ ಇರಲಿ, ಚಿಹ್ನೆ ಇರಲಿ, ಆಗಾಗ ಬದಲಿಸುತ್ತಿರಿ ಎಂಬ ನಿಯಮಗಳು ಹರಡಲು ದೊಡ್ಡ ಕಾರಣ, ಅಮೆರಿಕದ ಮಾನಕ ಸಂಸ್ಥೆ ಎನ್‌ಐಎಸ್‌ಟಿಗಾಗಿ ಬಿಲ್ ಬರ್ ಎಂಬ ಅಧಿಕಾರಿ 2003ರಲ್ಲಿ ಬರೆದ ಮಾರ್ಗಸೂಚಿ. ಜನ ಮಾಡಿದ್ದೇನು? ಹಳೆಯ ಪಾಸ್‌ವರ್ಡಿನ ಕೊನೆಗೆ ಒಂದು, ಎರಡು, ಮೂರು ಎಂದು ಸೇರಿಸುತ್ತ ಹೋದರು. ಇಲ್ಲವೇ ಡೈರಿಯ ಹಿಂಬದಿಯಲ್ಲಿ ಬರೆದಿಟ್ಟರು. ಹಾಗೆ ಮಾಡಿದ್ದಕ್ಕೆ ಅಜಾಗರೂಕರೆಂದು ಬೈಸಿಕೊಂಡರು. 2017ರಲ್ಲಿ ಅದೇ ಸಂಸ್ಥೆ ಹೊಸ ಮಾರ್ಗಸೂಚಿ ತಂದು, ಅವಧಿಗೊಮ್ಮೆ ಬದಲಿಸುವ ಒತ್ತಾಯವನ್ನೂ ಚಿಹ್ನೆಗಳ ಕಡ್ಡಾಯವನ್ನೂ ಕೈಬಿಡಲು ಹೇಳಿತು. ನಿವೃತ್ತರಾಗಿದ್ದ ಬರ್ ತಾವು ಬರೆದ ಹೆಚ್ಚಿನದಕ್ಕೆ ವಿಷಾದವಿದೆ ಎಂದರು. ಹದಿನಾಲ್ಕು ವರ್ಷ ಬೈಸಿಕೊಂಡವರ ಬಳಿ ಯಾರೂ ಬಂದು ಕ್ಷಮೆ ಕೇಳಲಿಲ್ಲ. ನಮ್ಮಲ್ಲಿ ಎಷ್ಟೋ ಕಚೇರಿಗಳ ಜಾಲತಾಣಗಳು ಇವತ್ತಿಗೂ ಆ ಹಳೆಯ ನಿಯಮವನ್ನೇ ಹಿಡಿದು ಕೂತಿವೆ.

ನಷ್ಟ ನಮ್ಮ ಕಡೆಗೆ ಸರಿಯುವ ಎರಡನೆಯ ದಾರಿ ದುಡಿಮೆ. ಕೂಲಿ ಸಿಗದ, ಆದರೆ ಅದಿಲ್ಲದೆ ಕೈಗಾರಿಕಾ ಸಮಾಜ ನಡೆಯದ ದುಡಿಮೆಯನ್ನು ಚಿಂತಕ ಇವಾನ್ ಇಲ್ಲಿಚ್ 1981ರಲ್ಲೇ ನೆರಳಿನ ಕೆಲಸ ಎಂದು ಗುರುತಿಸಿದ್ದ. ಅವನ ಕಣ್ಣಿದ್ದುದು ಮನೆಗೆಲಸದಂಥ ದುಡಿಮೆಯ ಮೇಲೆ. ಅದರ ವ್ಯಾಪ್ತಿ ಈಗ ಹಿಗ್ಗಿದೆ. ಹಿಂದೆ ಟಿಕೆಟ್ ಬರೆಯುತ್ತಿದ್ದವರು, ಅರ್ಜಿ ತಿದ್ದುತ್ತಿದ್ದವರು, ಪಾಸ್‌ಬುಕ್ಕಿಗೆ ನಮೂದು ಹಾಕುತ್ತಿದ್ದವರು ಸಂಬಳ ಪಡೆಯುತ್ತಿದ್ದರು. ಆ ಕೆಲಸವನ್ನು ಈಗ ನಾವು ನಮ್ಮದೇ ಫೋನಿನಲ್ಲಿ, ನಮ್ಮದೇ ಡೇಟಾ ಸುಟ್ಟು, ರಾತ್ರಿ ಊಟವಾದ ಮೇಲೆ ಮಾಡುತ್ತೇವೆ. ಫೋಟೊ ಐವತ್ತು ಕೆಬಿಗಿಂತ ದೊಡ್ಡದಾಯಿತು, ಸಹಿ ಅಡ್ಡವಾಯಿತು, ಹೆಸರಿನ ಇನಿಷಿಯಲ್ ಆಧಾರಿನಲ್ಲಿ ಮುಂದೆ, ಅಂಕಪಟ್ಟಿಯಲ್ಲಿ ಹಿಂದೆ ಇದೆ ಎಂದು ಅರ್ಜಿ ಹಿಂದಕ್ಕೆ ಬರುತ್ತದೆ. ಸಂಸ್ಥೆಯ ಪುಸ್ತಕದಲ್ಲಿ ಇದು ಉಳಿತಾಯ. ನಮ್ಮ ಕಡೆ ಹೋದ ಗಂಟೆಗಳನ್ನು ಬರೆದಿಡುವ ಪುಸ್ತಕವೇ ಇಲ್ಲ.

ಈ ಕೆಲಸ ಮಾಡಲಾಗದವರು ಸೈಬರ್ ಸೆಂಟರಿಗೆ ಹೋಗುತ್ತಾರೆ. ಮಧ್ಯವರ್ತಿಗಳನ್ನು ಓಡಿಸುತ್ತೇನೆ ಎಂದು ಬಂದ ತಂತ್ರಜ್ಞಾನ ಪ್ರತಿ ಹೋಬಳಿಯಲ್ಲೂ ಹೊಸ ಮಧ್ಯವರ್ತಿಯನ್ನು ಕೂರಿಸಿದೆ. ಅಲ್ಲಿನ ಹುಡುಗ ಸಾಮಾನ್ಯವಾಗಿ ಒಳ್ಳೆಯವನೇ. ಅಕ್ಕ, ಅಜ್ಜಿ ಎಂದು ಕರೆದು ಕೂರಿಸಿ, ಫೋನು ಇಸಕೊಂಡು, ಬಂದ ಒಟಿಪಿ ತಾನೇ ನೋಡಿ ಹಾಕುತ್ತಾನೆ. ಇತ್ತ ಬ್ಯಾಂಕಿನ ಎಲ್ಲ ಸಂದೇಶಗಳ ಕೊನೆಗೂ ‘ಒಟಿಪಿಯನ್ನು ಯಾರಿಗೂ ಹೇಳಬೇಡಿ’ ಎಂದಿರುತ್ತದೆ. ಓದು ಬಾರದ, ಕಣ್ಣು ಮಂಜಾದ ಪಿಂಚಣಿದಾರಳಿಗೆ ಈ ಎಚ್ಚರಿಕೆ ಪಾಲಿಸಲು ಇರುವ ದಾರಿ ಒಂದೇ: ಸೇವೆಯನ್ನೇ ಬಿಟ್ಟುಬಿಡುವುದು. ಪಾಲಿಸದೆ ಮೋಸ ಹೋದರೆ ‘ನೀವೇ ಕೊಟ್ಟಿರಲ್ಲ’ ಎಂಬ ಉತ್ತರ ಸಿದ್ಧವಿದೆ. ಇನ್ನೊಬ್ಬರ ನೆರವಿಲ್ಲದೆ ಬಳಸಲಾಗದ ವ್ಯವಸ್ಥೆ ಕಟ್ಟಿ, ನೆರವು ಪಡೆದದ್ದನ್ನೇ ತಪ್ಪೆನ್ನುವುದು ಎಲ್ಲಿಯ ನ್ಯಾಯ?

ಮೂರನೆಯ ದಾರಿ ಎಲ್ಲಕ್ಕಿಂತ ಅಪಾಯಕಾರಿ: ರುಜುವಾತಿನ ಹೊರೆ. ಬ್ರಿಟನ್ನಿನ ಅಂಚೆ ಇಲಾಖೆ 1999ರಿಂದ ತನ್ನ ಶಾಖೆಗಳಲ್ಲಿ ಹೊರೈಜನ್ ಎಂಬ ಲೆಕ್ಕಪತ್ರದ ತಂತ್ರಾಂಶ ತಂದಿತು. ಅದನ್ನು ಒದಗಿಸಿದ್ದು ಫುಜಿತ್ಸು ಕಂಪನಿ. ಪರದೆಯ ಮೇಲೆ ಇಲ್ಲದ ಕೊರತೆಗಳು ಕಾಣಿಸತೊಡಗಿದವು. ಶಾಖೆ ನಡೆಸುವವರು ಸಹಾಯವಾಣಿಗೆ ಫೋನ್ ಮಾಡಿದರೆ, ಈ ತೊಂದರೆ ನಿಮಗೊಬ್ಬರಿಗೇ ಎಂಬ ಉತ್ತರ ಸಿಗುತ್ತಿತ್ತು. ಕಂಪ್ಯೂಟರ್ ಸರಿಯಾಗಿದೆ ಎಂದೇ ಹಿಡಿಯಬೇಕು, ತಪ್ಪಿದ್ದರೆ ಆರೋಪಿ ತೋರಿಸಲಿ ಎಂಬ ಪೂರ್ವಗ್ರಹಿಕೆ ಅಲ್ಲಿನ ನ್ಯಾಯಾಲಯಗಳಲ್ಲೂ ನಡೆಯುತ್ತಿತ್ತು. ಯಂತ್ರದ ಒಳಗನ್ನು ಎಂದೂ ಕಾಣದವರು ಅದರ ತಪ್ಪನ್ನು ತೋರಿಸುವುದು ಹೇಗೆ? ಒಂಬೈನೂರಕ್ಕೂ ಹೆಚ್ಚು ಮಂದಿ ಕಳವು, ವಂಚನೆ, ಸುಳ್ಳು ಲೆಕ್ಕದ ಅಪರಾಧಿಗಳಾದರು. ಕೆಲವರು ಜೈಲು ಕಂಡರು. ತಂತ್ರಾಂಶದಲ್ಲಿ ದೋಷಗಳಿದ್ದವು ಎಂದು ಅಲ್ಲಿನ ಹೈಕೋರ್ಟ್ ತೀರ್ಪು ಕೊಟ್ಟದ್ದು 2019ರಲ್ಲಿ. ಸಂಸತ್ತು ಕಾನೂನು ಮಾಡಿ ಅವರ ಶಿಕ್ಷೆಗಳನ್ನು ಒಟ್ಟಾಗಿ ರದ್ದುಪಡಿಸಿದ್ದು 2024ರಲ್ಲಿ.

ನಮ್ಮಲ್ಲಿ ಈ ಹೊರೆ ಜೈಲಿನ ರೂಪದಲ್ಲಿ ಬರುವುದು ವಿರಳ. ಅದು ಬರುವುದು ಪಡಿತರದ ಸಾಲಿನಲ್ಲಿ. ಮಣ್ಣು, ಸಿಮೆಂಟು, ಪಾತ್ರೆಯ ಬೂದಿಯಲ್ಲಿ ಸವೆದ ಬೆರಳುಗಳ ಗೆರೆ ಯಂತ್ರಕ್ಕೆ ಸಿಗುವುದಿಲ್ಲ. ಸರ್ಕಾರಿ ಸೇವೆಗಳಲ್ಲಿ ಆಧಾರ್ ದೃಢೀಕರಣ ಯಶಸ್ವಿಯಾಗುವ ಪ್ರಮಾಣ ಶೇ 88 ಎಂದು 2018ರಲ್ಲಿ ಪ್ರಾಧಿಕಾರದ ಮುಖ್ಯಸ್ಥರೇ ಸುಪ್ರೀಂ ಕೋರ್ಟಿಗೆ ತಿಳಿಸಿದ್ದರು. ದೃಢೀಕರಣ ವಿಫಲವಾದ ಮಾತ್ರಕ್ಕೆ ಸೌಲಭ್ಯ ತಪ್ಪಿತೆಂದಲ್ಲ ಎಂಬುದು ಅವರ ವಿವರಣೆ. ನಿಜ, ನಿಯಮದಲ್ಲಿ ಬದಲಿ ದಾರಿಗಳಿವೆ. ಅವು ನಿಯಮದ ಪುಟದಿಂದ ಅಂಗಡಿಯ ಕಟ್ಟೆಗೆ ಇಳಿಯುತ್ತವೆಯೇ ಎಂಬುದು ಕಟ್ಟೆಯ ಒಳಗಿರುವವರ ಮರ್ಜಿ. ನಾನು ನಾನೇ ಎಂದು ಸಾಬೀತು ಮಾಡುವ ಹೊಣೆ ಬೆರಳಿನ ಒಡತಿಯದು. ಗೆರೆ ಓದಲಾಗದ ಯಂತ್ರವನ್ನು ಯಾರೂ ಪ್ರಶ್ನಿಸುವುದಿಲ್ಲ.

ಹಾಗಾದರೆ ಹಳೆಯ ಕಾಲವೇ ಚೆನ್ನಾಗಿತ್ತೇ? ಇಲ್ಲ. ಪಹಣಿಯ ಪುಸ್ತಕ ಗ್ರಾಮಲೆಕ್ಕಿಗರ ಚೀಲದಲ್ಲಿದ್ದ ದಿನಗಳಲ್ಲಿ ರೈತರು ಅವರ ಮನೆಬಾಗಿಲು ಕಾಯುತ್ತಿದ್ದರು. ಕೈ ಬೆಚ್ಚಗೆ ಮಾಡದೆ ಪ್ರತಿ ಸಿಗುತ್ತಿರಲಿಲ್ಲ. ಒಂದು ಗೀಟು ಎಳೆದರೆ ಹೊಲದ ಹೆಸರೇ ಬದಲಾಗುತ್ತಿತ್ತು. ಎರಡು ಸಾವಿರದ ಇಸವಿಯ ಸುಮಾರಿಗೆ ಕರ್ನಾಟಕದಲ್ಲಿ ಬಂದ ಭೂಮಿ ಯೋಜನೆ ಸುಮಾರು ಎರಡು ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿ ಆ ಹಿಡಿತವನ್ನು ಸಡಿಲಿಸಿತು. ಯುಪಿಐ ಬಂದ ಮೇಲೆ ಸೊಪ್ಪಿನ ಗಾಡಿಯವರಿಗೂ ಚಿಲ್ಲರೆಯ ಜಗಳ ತಪ್ಪಿತು. ಯಂತ್ರ ಬೇಡ ಎನ್ನುವವರು ಈ ಲಾಭಗಳನ್ನು ಮರೆತು ಮಾತಾಡುತ್ತಾರೆ. ಆದರೆ ಲಾಭ ಕೊಟ್ಟ ವ್ಯವಸ್ಥೆ ಎಂಬ ಕಾರಣಕ್ಕೆ ಅದರ ನಷ್ಟವನ್ನು ಪ್ರಶ್ನಿಸಬಾರದು ಎನ್ನುವುದೂ ಅಷ್ಟೇ ತಪ್ಪು. ಗ್ರಾಮಲೆಕ್ಕಿಗರ ಮೇಲೆ ತಹಶೀಲ್ದಾರರಿಗೆ ದೂರು ಕೊಡಬಹುದಿತ್ತು. ಸರ್ವರಿನ ಮೇಲೆ ದೂರು ಕೊಡಲು ಇನ್ನೊಂದು ಸರ್ವರಿಗೇ ಲಾಗಿನ್ ಆಗಬೇಕು.

ಹೊಣೆಯನ್ನು ಸರಿಯಾದ ಜಾಗಕ್ಕೆ ಸರಿಸುವುದು ಅಸಾಧ್ಯವೇನಲ್ಲ. ನಮ್ಮ ದೇಶದಲ್ಲೇ ಅದಕ್ಕೆ ಮಾದರಿ ಇದೆ. ಅನಧಿಕೃತ ಎಲೆಕ್ಟ್ರಾನಿಕ್ ವಹಿವಾಟಿನಲ್ಲಿ ತಪ್ಪು ಗ್ರಾಹಕರದೆಂದು ಸಾಬೀತು ಮಾಡುವ ಹೊಣೆಯನ್ನು ರಿಸರ್ವ್ ಬ್ಯಾಂಕ್ 2017ರ ಜುಲೈ ಸುತ್ತೋಲೆಯಲ್ಲಿ ಬ್ಯಾಂಕಿನ ಮೇಲೇ ಹೊರಿಸಿತು. 2019ರ ಸೆಪ್ಟೆಂಬರ್‌ನಲ್ಲಿ ಇನ್ನೊಂದು ಹೆಜ್ಜೆ ಇಟ್ಟಿತು. ಎಟಿಎಂನಿಂದ ನೋಟು ಬರದೆ ಖಾತೆಯಿಂದ ಹಣ ಕಡಿತವಾದರೆ ಐದು ದಿನದೊಳಗೆ ಹಣ ತಾನಾಗಿ ಹಿಂದಿರುಗಬೇಕು, ತಡವಾದರೆ ದಿನಕ್ಕೆ ₹100ರಂತೆ ಪರಿಹಾರ ಕೊಡಬೇಕು, ಅದಕ್ಕಾಗಿ ಗ್ರಾಹಕರು ದೂರು ಕೊಡುವವರೆಗೆ ಕಾಯಬಾರದು ಎಂದಿತು. ಯುಪಿಐಗೂ ಇಂಥದೇ ಗಡುವು ಬಂತು. ನೂರು ರೂಪಾಯಿ ದೊಡ್ಡ ಮೊತ್ತವಲ್ಲ. ಆದರೆ ಯಂತ್ರ ಕೆಟ್ಟದ್ದು ಯಂತ್ರದ ಒಡೆಯರ ಖರ್ಚು ಎಂಬ ತತ್ವ ಅದರಲ್ಲಿದೆ.

ಕರ್ನಾಟಕದಲ್ಲೂ ಇದರ ಬೀಜವಿದೆ. 2011ರ ಕಾಯ್ದೆಯಂತೆ 2012ರ ಏಪ್ರಿಲ್‌ನಲ್ಲಿ ರಾಜ್ಯದಾದ್ಯಂತ ಬಂದ ಸಕಾಲ, ನಿಗದಿತ ದಿನಗಳಲ್ಲಿ ಸೇವೆ ಸಿಗದಿದ್ದರೆ ದಿನಕ್ಕೆ ₹20ರಂತೆ, ಗರಿಷ್ಠ ₹500ರವರೆಗೆ ಪರಿಹಾರ ಕೇಳುವ ಹಕ್ಕನ್ನು ನಾಗರಿಕರಿಗೆ ಕೊಟ್ಟಿದೆ. ಒಳ್ಳೆಯ ಕಾನೂನು. ಆದರೆ ದಿನಗಳ ಎಣಿಕೆ ಶುರುವಾಗುವುದು ಅರ್ಜಿ ದಾಖಲಾಗಿ ಸ್ವೀಕೃತಿ ಸಂಖ್ಯೆ ಸಿಕ್ಕ ಮೇಲೆ. ಅರ್ಜಿ ಒಳಹೋಗಲು ಬಿಡದ ದಿನಗಳು, ಬಂದು ಬರಿಗೈಯಲ್ಲಿ ಹೋದ ಅಲೆದಾಟಗಳು ಆ ಎಣಿಕೆಗೆ ಸಿಗುವುದೇ ಇಲ್ಲ. ಅಧಿಕಾರಿಯ ವಿಳಂಬಕ್ಕೆ ದಂಡ, ಯಂತ್ರದ ವಿಳಂಬಕ್ಕೆ ಮಾಫಿ.

ಈ ತೂತನ್ನು ಮುಚ್ಚಲು ಹೊಸ ಆ್ಯಪ್ ಬೇಕಿಲ್ಲ. ವ್ಯವಸ್ಥೆ ಕೆಲಸ ಮಾಡದ ದಿನ ಬಂದವರಿಗೆಲ್ಲ ತಾರೀಖು ಹಾಕಿ ಸಹಿ ಮಾಡಿದ ಒಂದು ಕಾಗದದ ಚೀಟಿ ಕೊಡಲಿ. ಸಕಾಲದ ಗಡುವು ಆ ದಿನದಿಂದಲೇ ಓಡಲಿ. ಬೆರಳು ಒಪ್ಪದಿದ್ದರೆ ರಿಜಿಸ್ಟರಿನಲ್ಲಿ ಬರೆದುಕೊಂಡು ಪಡಿತರ ಕೊಡುವುದು ಅಂಗಡಿಯವರ ದಯೆಯಾಗದೆ ಕರ್ತವ್ಯವಾಗಲಿ. ಪರಿಹಾರದ ಹಣ ಕೌಂಟರಿನಲ್ಲಿ ಬೈಸಿಕೊಳ್ಳುವ ಗುತ್ತಿಗೆ ನೌಕರರ ಜೇಬಿನಿಂದ ಬರುವುದು ಬೇಡ; ಅವರೂ ನಮ್ಮಂತೆಯೇ ಪರದೆಯ ಈಚೆಗೆ ಕೂತವರು. ಅದು ತಂತ್ರಾಂಶ ಕೊಂಡ ಇಲಾಖೆಯಿಂದ, ಮಾರಿದ ಕಂಪನಿಯಿಂದ ಬರಲಿ. ಗುತ್ತಿಗೆಯ ಕರಾರಿನಲ್ಲೇ ಆ ಷರತ್ತು ಇರಲಿ.

ಇದಕ್ಕೆ ಖರ್ಚಾಗುತ್ತದೆ ಎಂಬ ಆಕ್ಷೇಪ ಬಂದೇ ಬರುತ್ತದೆ. ಖರ್ಚು ಈಗಲೂ ಆಗುತ್ತಿದೆ: ತಪ್ಪಿದ ಕೂಲಿಯಾಗಿ, ಬಸ್ ಚಾರ್ಜಾಗಿ, ಸೈಬರ್ ಸೆಂಟರಿಗೆ ಕೊಟ್ಟ ಹಣವಾಗಿ, ಮಗನೋ ಮೊಮ್ಮಗಳೋ ಹಾಕಿದ ರಜೆಯಾಗಿ. ಅದು ಸಾವಿರಾರು ಜೇಬುಗಳಲ್ಲಿ ಹಂಚಿಹೋಗಿರುವುದರಿಂದ ಯಾವ ಬಜೆಟ್ಟಿನಲ್ಲೂ ಕಾಣುವುದಿಲ್ಲ, ಯಾರೂ ಅದನ್ನು ಇಳಿಸಲು ಮನಸ್ಸು ಮಾಡುವುದಿಲ್ಲ. ಒಂದೇ ಖಾತೆಗೆ ಬಂದು ಬಿದ್ದ ದಿನ ಅದನ್ನು ಇಳಿಸುವ ಉಪಾಯ ಇಂಜಿನಿಯರುಗಳಿಗೆ ತಾನಾಗಿ ಹೊಳೆಯುತ್ತದೆ. ಆದ್ದರಿಂದ ಮುಂದಿನ ಪೋರ್ಟಲಿನ ಉದ್ಘಾಟನೆಯಲ್ಲಿ ಅದು ಏನೆಲ್ಲ ಮಾಡುತ್ತದೆ ಎಂದು ಮಂತ್ರಿಗಳು ವಿವರಿಸುವಾಗ ಸುದ್ದಿಗಾರರು, ಶಾಸಕರು, ಸಾಲಿನಲ್ಲಿ ನಿಲ್ಲಬೇಕಾದ ನಾವು ಕೇಳಬೇಕಾದ ಪ್ರಶ್ನೆ ಇಷ್ಟೇ: ಇದು ಕೆಟ್ಟ ದಿನ ಯಾರು, ಎಷ್ಟು, ಎಷ್ಟು ದಿನದೊಳಗೆ ತೆರುತ್ತಾರೆ? ಅದಕ್ಕೆ ಉತ್ತರವಿಲ್ಲದಿದ್ದರೆ ಅದನ್ನು ತೆರುವವರು ನಾವೇ ಎಂದು ಆಗಲೇ ತೀರ್ಮಾನವಾಗಿದೆ ಎಂದರ್ಥ.