ಶಿಕ್ಷಕರನ್ನು ರೂಪಿಸುವವರಿಗೆ ಪಾಠ ಹೇಳುವವರಾರು?

ಪದವಿ ಪರೀಕ್ಷೆಗಳ ಫಲಿತಾಂಶ ಹೊರಬೀಳುತ್ತಿದ್ದಂತೆಯೇ ನಮ್ಮ ಪಟ್ಟಣಗಳ ಅನೇಕ ಮನೆಗಳಲ್ಲಿ ಒಂದು ಚರ್ಚೆ ಆರಂಭವಾಗುತ್ತದೆ. ಮಗಳನ್ನು ಬಿ.ಇಡಿ.ಗೆ ಸೇರಿಸುವುದು ಹೆಚ್ಚುಕಡಿಮೆ ನಿರ್ಧಾರವಾಗಿರುತ್ತದೆ. ಎಲ್ಲಿ ಎಂಬುದಷ್ಟೇ ಉಳಿದ ಪ್ರಶ್ನೆ. ಹೆತ್ತವರು ವಿಚಾರಿಸುವ ಸಂಗತಿಗಳು ಸಾಮಾನ್ಯವಾಗಿ ಮೂರು. ಕಾಲೇಜು ಎಷ್ಟು ದೂರ? ಶುಲ್ಕ ಎಷ್ಟು? ದಿನವೂ ಹೋಗಲೇಬೇಕೇ? ಮೂರನೆಯ ಪ್ರಶ್ನೆಗೆ ‘ಹೋಗಬೇಕಾಗಿಲ್ಲ, ಪರೀಕ್ಷೆಗೆ ಬಂದರೆ ಸಾಕು’ ಎಂಬ ಉತ್ತರ ದೊರೆತರೆ ಸಮಾಧಾನದ ನಿಟ್ಟುಸಿರು ಬಿಡುವವರೇ ಹೆಚ್ಚು. ಆ ಮಾತು ಕೇಳಿದ ಕ್ಷಣವೇ ಅಲ್ಲಿಂದ ಎದ್ದು ಬರಬೇಕಿತ್ತು ಎಂಬುದು ಅರಿವಾಗುವಷ್ಟರಲ್ಲಿ ಎರಡು ವರ್ಷಗಳೂ ಕೂಡಿಟ್ಟ ಹಣವೂ ಕೈಜಾರಿರುತ್ತವೆ.

ನಮ್ಮ ಬಳಿ ತನ್ನ ಅಳಲು ತೋಡಿಕೊಂಡ ತಂದೆಯೊಬ್ಬರ ಮಾತು ಇಲ್ಲಿ ಉಲ್ಲೇಖನೀಯ. ಅವರ ಮಗಳು ಪಕ್ಕದ ಜಿಲ್ಲೆಯ ಕಾಲೇಜೊಂದರಲ್ಲಿ ಪ್ರಥಮ ದರ್ಜೆಯಲ್ಲಿ ಬಿ.ಇಡಿ. ಮುಗಿಸಿದವಳು. ಎರಡು ವರ್ಷಗಳಲ್ಲಿ ಆಕೆ ಕಾಲೇಜಿನ ಮೆಟ್ಟಿಲು ಹತ್ತಿದ್ದು ಪರೀಕ್ಷೆಯ ದಿನಗಳಲ್ಲಿ ಮಾತ್ರ. ಪಾಠ ಯೋಜನೆಯ ರೆಕಾರ್ಡ್ ಪುಸ್ತಕಗಳನ್ನು ಹಿಂದಿನ ವರ್ಷದವರಿಂದ ತಂದು ನಕಲು ಮಾಡಿದ್ದಾಯಿತು. ಈಗ ಶಿಕ್ಷಕರ ಅರ್ಹತಾ ಪರೀಕ್ಷೆಯಲ್ಲಿ ಮೂರು ಬಾರಿ ಅನುತ್ತೀರ್ಣಳಾಗಿದ್ದಾಳೆ. ‘ಹುಡುಗಿ ದಡ್ಡಿಯಲ್ಲ, ಆಕೆಗೆ ಯಾರೂ ಕಲಿಸಲೇ ಇಲ್ಲ’ ಎಂದರು ಆ ತಂದೆ. ಕಲಿಸದೇ ಇರುವುದಕ್ಕೆಂದೇ ಹಣ ತೆತ್ತದ್ದು ತಾನು ಎಂಬುದನ್ನು ಮಾತ್ರ ಅವರು ಹೇಳಲಿಲ್ಲ. ನಾವೂ ನೆನಪಿಸಲಿಲ್ಲ.

ಇದು ಒಂದು ಕುಟುಂಬದ, ಒಂದು ಸಮುದಾಯದ ಅಥವಾ ಒಂದು ರಾಜ್ಯದ ಕಥೆಯಲ್ಲ. ಮಹಾರಾಷ್ಟ್ರದಲ್ಲಿ 291 ಡಿ.ಇಡಿ. ಸಂಸ್ಥೆಗಳಿಗೆ ರಾಜ್ಯ ಸರಕಾರದ ಅಭಿಪ್ರಾಯವನ್ನೂ ಕಡೆಗಣಿಸಿ ಮಾನ್ಯತೆ ನೀಡಲಾದ ಪ್ರಕರಣ ಸುಪ್ರೀಮ್ ಕೋರ್ಟಿನ ಮೆಟ್ಟಿಲೇರಿದಾಗ ನ್ಯಾಯಮೂರ್ತಿ ಜೆ.ಎಸ್. ವರ್ಮಾ ಅವರ ನೇತೃತ್ವದಲ್ಲಿ ಆಯೋಗವೊಂದು ರಚನೆಯಾಯಿತು. ಆ ಆಯೋಗ 2012ರಲ್ಲಿ ತನ್ನ ವರದಿ ಒಪ್ಪಿಸಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಆ ವರದಿಯನ್ನು ಆಧರಿಸಿ ಬರೆದಿರುವುದನ್ನು ಓದಿದವರು ಬೆಚ್ಚಿ ಬೀಳಬೇಕು. ದೇಶದಲ್ಲಿ ಪ್ರತ್ಯೇಕವಾಗಿ ನಡೆಯುವ ಹತ್ತು ಸಾವಿರಕ್ಕೂ ಮಿಕ್ಕಿದ ಶಿಕ್ಷಕ ತರಬೇತಿ ಸಂಸ್ಥೆಗಳಲ್ಲಿ ಬಹುಪಾಲು ಸಂಸ್ಥೆಗಳು ಗಂಭೀರ ತರಬೇತಿಗೆ ಪ್ರಯತ್ನಿಸುತ್ತಲೇ ಇಲ್ಲ, ಬೆಲೆಗೆ ಪದವಿಗಳನ್ನು ಮಾರುತ್ತಿವೆ ಎಂಬುದು ಅದರ ಸಾರ. ಸರಕಾರವೇ ತನ್ನ ನೀತಿ ಪತ್ರದಲ್ಲಿ ಇದನ್ನು ಒಪ್ಪಿಕೊಂಡಿದೆ. ಹಾಗಾದರೆ ಇಷ್ಟೊಂದು ಅಂಗಡಿಗಳಿಗೆ ಪರವಾನಿಗೆ ಕೊಟ್ಟವರಾರು?

ಈ ಪ್ರಶ್ನೆಗೆ ಉತ್ತರ ಬೇಕಿದ್ದರೆ ಬಿ.ಇಡಿ. ಕಾಲೇಜೊಂದರ ಮೇಲೆ ಯಾರ ಯಾರ ಮುದ್ರೆ ಬೀಳುತ್ತದೆ ಎಂಬುದನ್ನು ಅರಿಯಬೇಕು. ಜನಸಾಮಾನ್ಯರು ‘ಮಾನ್ಯತೆ ಇದೆ’ ಎಂಬ ಒಂದೇ ಮಾತಿನಲ್ಲಿ ಮುಗಿಸುವ ವಿಷಯದಲ್ಲಿ ವಾಸ್ತವವಾಗಿ ಮೂರು ಬೇರೆ ಬೇರೆ ಸಂಗತಿಗಳಿವೆ. ಮೊದಲನೆಯದು ಎನ್‌ಸಿಟಿಇ, ಅರ್ಥಾತ್ ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತಿನ ಮಾನ್ಯತೆ. 1993ರ ಕಾಯಿದೆಯ ಪ್ರಕಾರ 1995ರಲ್ಲಿ ಅಸ್ತಿತ್ವಕ್ಕೆ ಬಂದ ಈ ಸಂಸ್ಥೆಯ ಅನುಮತಿಯಿಲ್ಲದೆ ಯಾರೂ ಶಿಕ್ಷಕ ತರಬೇತಿ ಕೋರ್ಸು ನಡೆಸುವಂತಿಲ್ಲ. ಎರಡನೆಯದು ವಿಶ್ವವಿದ್ಯಾಲಯದ ಸಂಯೋಜನೆ. ಪಠ್ಯಕ್ರಮ, ಪರೀಕ್ಷೆ, ಪದವಿ ಪತ್ರ ಇವೆಲ್ಲ ವಿಶ್ವವಿದ್ಯಾಲಯದ್ದು. ಅದರ ಸ್ಥಳೀಯ ವಿಚಾರಣಾ ಸಮಿತಿ ಕಾಲೇಜಿಗೆ ಭೇಟಿ ನೀಡಿ ವರದಿ ಕೊಡಬೇಕು. ಮೂರನೆಯದು ಬೆಂಗಳೂರಿನಲ್ಲಿ ಕೇಂದ್ರ ಕಚೇರಿ ಹೊಂದಿರುವ, 1994ರಲ್ಲಿ ಸ್ಥಾಪನೆಯಾದ ನ್ಯಾಕ್ ಸಂಸ್ಥೆಯ ಮೌಲ್ಯಾಂಕನ. ಕಾಲೇಜಿನ ಗೋಡೆಯ ಮೇಲೆ ದೊಡ್ಡ ಅಕ್ಷರಗಳಲ್ಲಿ ರಾರಾಜಿಸುವ ‘ಎ’, ‘ಬಿ++’ ಮುಂತಾದವು ಇದರ ಶ್ರೇಣಿಗಳು.

ಈ ಮೂರರಲ್ಲಿ ಮೊದಲನೆಯದು ಇಲ್ಲದಿದ್ದರೆ ಉಳಿದೆರಡಕ್ಕೆ ಬೆಲೆಯಿಲ್ಲ. ಎನ್‌ಸಿಟಿಇ ಮಾನ್ಯತೆ ಹಿಂತೆಗೆದುಕೊಂಡ ಆದೇಶ ಜಾರಿಗೆ ಬಂದ ನಂತರ ಆ ಕಾಲೇಜಿನಲ್ಲಿ ಪಡೆದ ಪದವಿಯು ಸರಕಾರಿ ಉದ್ಯೋಗಕ್ಕೆ ಸಿಂಧುವಲ್ಲವೆಂದು ಕಾಯಿದೆಯ 17ನೇ ಕಲಮು ಹೇಳುತ್ತದೆ. ಆದೇಶ ತಲುಪಿದ ನಂತರದ ಶೈಕ್ಷಣಿಕ ಅವಧಿಯ ಅಂತ್ಯದಿಂದ ಅದು ಜಾರಿಯಾಗುವುದರಿಂದ ಈಗಾಗಲೇ ಓದುತ್ತಿರುವವರಿಗೆ ಒಂದಿಷ್ಟು ರಕ್ಷಣೆಯಿದೆ. ಹೊಸದಾಗಿ ಸೇರುವವರಿಗೆ ಅದಿಲ್ಲ. ವಾರ್ಷಿಕ ಕಾರ್ಯನಿರ್ವಹಣಾ ವರದಿಯನ್ನೇ ಸಲ್ಲಿಸದ ಸಂಸ್ಥೆಗಳಿಗೆ 2025ರಲ್ಲಿ ಎನ್‌ಸಿಟಿಇ ನೋಟಿಸು ನೀಡಿ ಹಲವೆಡೆ ಮಾನ್ಯತೆಯನ್ನು ಹಿಂತೆಗೆದುಕೊಂಡಿತು. ಹತ್ತು ವರ್ಷ ಹಿಂದಿನ ಮಾನ್ಯತಾ ಪತ್ರಕ್ಕೆ ಚೌಕಟ್ಟು ಹಾಕಿಸಿ ಪ್ರಾಂಶುಪಾಲರ ಕೋಣೆಯಲ್ಲಿ ತೂಗು ಹಾಕಿದ್ದಾರೆಂದ ಮಾತ್ರಕ್ಕೆ ಅದು ಇಂದಿಗೂ ಊರ್ಜಿತ ಎಂದು ಭಾವಿಸುವುದು ಅಪಾಯಕಾರಿ.

ಇನ್ನು ಕಾಲೇಜಿನ ಒಳಗಿನ ವ್ಯವಸ್ಥೆ. 2014ರ ಎನ್‌ಸಿಟಿಇ ನಿಯಮಾವಳಿಯು ಒಂದು ವರ್ಷದ ಬಿ.ಇಡಿ.ಯನ್ನು ಎರಡು ವರ್ಷಕ್ಕೆ ವಿಸ್ತರಿಸಿತು. ನಮ್ಮಲ್ಲಿ ಅನೇಕರು ಇದನ್ನು ಸರಕಾರದ ಅನಗತ್ಯ ಕಿರುಕುಳವೆಂದೇ ಭಾವಿಸಿದರು. ಎರಡನೆಯ ವರ್ಷ ಯಾತಕ್ಕಾಗಿ ಎಂಬುದನ್ನು ವಿಚಾರಿಸಿದವರು ಕಡಿಮೆ. ಅದು ಮುಖ್ಯವಾಗಿ ಶಾಲೆಗಾಗಿ. ವಿದ್ಯಾರ್ಥಿ ಶಿಕ್ಷಕರು ಒಟ್ಟು 20 ವಾರಗಳನ್ನು ಶಾಲೆಗಳಲ್ಲಿ ಕಳೆಯಬೇಕು: ಮೊದಲ ವರ್ಷ ನಾಲ್ಕು ವಾರ, ಎರಡನೆಯ ವರ್ಷ 16 ವಾರ. ತರಗತಿಗಳಿಗೆ ಶೇ. 80 ಹಾಜರಾತಿ ಸಾಕೆಂದ ಅದೇ ನಿಯಮ ಈ ಇಂಟರ್ನ್‌ಶಿಪ್‌ಗೆ ಶೇ. 90 ಹಾಜರಾತಿ ಕೇಳುತ್ತದೆ. ಎರಡೂ ವರ್ಷಗಳು ಸೇರಿ ಇನ್ನೂರು ವಿದ್ಯಾರ್ಥಿಗಳಿರುವ ಕಾಲೇಜಿಗೆ 16 ಮಂದಿ ಪೂರ್ಣಕಾಲಿಕ ಬೋಧಕರು ಇರಬೇಕೆನ್ನುತ್ತದೆ. ಐವತ್ತು ವಿದ್ಯಾರ್ಥಿಗಳ ಆರಂಭಿಕ ಪ್ರವೇಶಕ್ಕೆ 2,500 ಚದರ ಮೀಟರ್ ಜಾಗ, ಅದರಲ್ಲಿ 1,500 ಚದರ ಮೀಟರ್ ಕಟ್ಟಡ, ಬ್ಯಾಂಕಿನಲ್ಲಿ ಐದು ಲಕ್ಷದ ದತ್ತಿ ನಿಧಿ ಮತ್ತು ಏಳು ಲಕ್ಷದ ಮೀಸಲು ನಿಧಿ ಇರಬೇಕೆಂದೂ ಹೇಳುತ್ತದೆ.

ವಿಪರ್ಯಾಸವೆಂದರೆ ಇವುಗಳಲ್ಲಿ ಕಟ್ಟಡ, ಜಾಗ, ಠೇವಣಿ ಇವನ್ನು ತಪಾಸಣಾ ತಂಡವೊಂದು ಒಂದೇ ದಿನದಲ್ಲಿ ಅಳೆಯಬಹುದು. ಬೋಧಕರನ್ನು ಅಳೆಯುವುದು ಕಷ್ಟ. ತಪಾಸಣೆಯ ದಿನ ಸೂಟು ತೊಟ್ಟು ಬಂದು ಸಾಲಾಗಿ ಕುಳಿತು ಮರುದಿನ ಮಾಯವಾಗುವ ಉಪನ್ಯಾಸಕರ ಬಗ್ಗೆ ಕೇಳದವರು ಯಾರಿದ್ದಾರೆ? 20 ವಾರಗಳ ಶಾಲಾ ಅನುಭವವನ್ನಂತೂ ಅಳೆಯುವವರೇ ಇಲ್ಲ. ಅದು ನಿಜವಾಗಿಯೂ ನಡೆದಿದೆಯೇ ಎಂಬುದಕ್ಕೆ ಶಾಲೆಯ ಮುಖ್ಯೋಪಾಧ್ಯಾಯರ ಸಹಿ ಮತ್ತು ಮೊಹರೇ ಸಾಕ್ಷಿ. ಆ ಸಹಿ ಎಷ್ಟು ಸುಲಭವಾಗಿ ಸಿಗುತ್ತದೆ ಎಂಬುದು ಶಾಲೆ ನಡೆಸುವ ನಮ್ಮವರಿಗೇ ಚೆನ್ನಾಗಿ ಗೊತ್ತು.

ಸರಿಯಾಗಿ ನಡೆದರೆ ಹೇಗಿರುತ್ತದೆ ಎಂಬುದನ್ನು ನೋಡಲು ನಾವು ದೂರ ಹೋಗಬೇಕಾಗಿಲ್ಲ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಪ್ರಾದೇಶಿಕ ಶಿಕ್ಷಣ ಸಂಸ್ಥೆ 1963ರಲ್ಲಿ ಆರಂಭವಾಯಿತು. ಅಜ್ಮೀರ್, ಭೋಪಾಲ್, ಭುವನೇಶ್ವರಗಳಲ್ಲೂ ಇಂತಹ ಕಾಲೇಜುಗಳನ್ನು ಎನ್‌ಸಿಇಆರ್‌ಟಿ ತೆರೆಯಿತು. ಮೈಸೂರು ವಿಶ್ವವಿದ್ಯಾಲಯದ ಸಂಯೋಜನೆಯಲ್ಲಿ ಬೆಳೆದು ಬಂದ ಈ ಸಂಸ್ಥೆಯ ವೈಶಿಷ್ಟ್ಯವೆಂದರೆ ಪಿಯುಸಿ ಮುಗಿಸಿದ ವಿದ್ಯಾರ್ಥಿಗೆ ನಾಲ್ಕು ವರ್ಷಗಳ ಕಾಲ ವಿಷಯವನ್ನೂ ಬೋಧನೆಯನ್ನೂ ಜೊತೆಜೊತೆಗೆ ಕಲಿಸುವ ಏರ್ಪಾಡು. ಭೌತಶಾಸ್ತ್ರ ಓದುತ್ತಲೇ ಅದನ್ನು ಎಂಟನೇ ತರಗತಿಯ ಮಗುವಿಗೆ ಹೇಗೆ ತಿಳಿಹೇಳುವುದು ಎಂಬುದನ್ನೂ ಆತ ಯೋಚಿಸುತ್ತಾನೆ. ಆವರಣದಲ್ಲಿಯೇ ಪ್ರಾತ್ಯಕ್ಷಿಕಾ ಶಾಲೆಯಿದೆ. ಬೆಳಿಗ್ಗೆ ತರಗತಿಯಲ್ಲಿ ಕೇಳಿದ್ದು ಮಧ್ಯಾಹ್ನ ಮಕ್ಕಳ ಮುಂದೆ ಪರೀಕ್ಷೆಗೊಳಗಾಗುವ ಅವಕಾಶ ಅಲ್ಲಿದೆ. ಶಾಲೆಯಿಲ್ಲದ ಶಿಕ್ಷಕ ತರಬೇತಿ ಕಾಲೇಜು ಆಸ್ಪತ್ರೆಯಿಲ್ಲದ ವೈದ್ಯಕೀಯ ಕಾಲೇಜಿನಂತೆ. ವೈದ್ಯಕೀಯದಲ್ಲಿ ಅಂತಹದ್ದನ್ನು ಯಾರೂ ಸಹಿಸುವುದಿಲ್ಲ. ಶಿಕ್ಷಣದಲ್ಲಿ ಸಹಿಸುತ್ತೇವೆ.

ಈ ನಾಲ್ಕು ವರ್ಷದ ಮಾದರಿಯನ್ನೇ 2020ರ ನೀತಿ ಈಗ ಇಡೀ ದೇಶಕ್ಕೆ ಅನ್ವಯಿಸಲು ಹೊರಟಿದೆ. 2030ರ ವೇಳೆಗೆ ಶಿಕ್ಷಕರಾಗಲು ಕನಿಷ್ಠ ಅರ್ಹತೆ ನಾಲ್ಕು ವರ್ಷದ ಸಂಯೋಜಿತ ಬಿ.ಇಡಿ. ಆಗಬೇಕೆಂಬುದು ಅದರ ಗುರಿ. 2023-24ರಲ್ಲಿ 57 ಸಂಸ್ಥೆಗಳಲ್ಲಿ ‘ಐಟೆಪ್’ ಎಂಬ ಹೆಸರಿನಲ್ಲಿ ಇದನ್ನು ಪ್ರಾಯೋಗಿಕವಾಗಿ ಆರಂಭಿಸಲಾಯಿತು. ಪ್ರವೇಶಕ್ಕೆ ರಾಷ್ಟ್ರಮಟ್ಟದ ಪರೀಕ್ಷೆ ಬಂತು. ಇದರ ನಡುವೆ 2025ರ ಫೆಬ್ರುವರಿಯಲ್ಲಿ ಹೊರಬಂದ ಕರಡು ನಿಯಮಾವಳಿಯು ಸ್ನಾತಕೋತ್ತರ ಪದವೀಧರರಿಗೂ ನಾಲ್ಕು ವರ್ಷದ ಪದವಿ ಪಡೆದವರಿಗೂ ಒಂದು ವರ್ಷದ ಬಿ.ಇಡಿ.ಯನ್ನು ಮತ್ತೆ ತರುವ ಪ್ರಸ್ತಾಪ ಮಾಡಿತು. ಒಂದು, ಎರಡು, ನಾಲ್ಕು, ಮತ್ತೆ ಒಂದು! ನೀತಿ ರೂಪಿಸುವವರು ಗಣಿತ ಶಿಕ್ಷಕರಾಗಿದ್ದರೆ ಮಕ್ಕಳ ಗತಿಯೇನು ಎಂದು ಯಾರಾದರೂ ಕೇಳಿದರೆ ತಪ್ಪಾಗದು.

ನ್ಯಾಕ್ ಶ್ರೇಣಿಯ ಕುರಿತೂ ಒಂದು ಮಾತು. ಕಾಲೇಜು ತಾನೇ ಬರೆದ ಸ್ವಯಂ ಅಧ್ಯಯನ ವರದಿ, ಅದರ ದತ್ತಾಂಶಗಳ ಪರಿಶೀಲನೆ, ಬಳಿಕ ತಜ್ಞರ ತಂಡದ ಭೇಟಿ: ಇದು ಶ್ರೇಣಿ ಕೊಡುವಲ್ಲಿ ಅನುಸರಿಸಿಕೊಂಡು ಬಂದ ಕ್ರಮ. ಪದ್ಧತಿಯಲ್ಲಿ ದೋಷವಿಲ್ಲ. ಆದರೆ 2025ರ ಫೆಬ್ರುವರಿಯಲ್ಲಿ ಆಂಧ್ರ ಪ್ರದೇಶದ ವಿಶ್ವವಿದ್ಯಾಲಯವೊಂದರಲ್ಲಿ ಉನ್ನತ ಶ್ರೇಣಿಗಾಗಿ ಲಂಚ ಪಡೆದ ಆರೋಪದ ಮೇಲೆ ತಪಾಸಣಾ ತಂಡದ ಸದಸ್ಯರನ್ನೇ ಸಿಬಿಐ ಬಂಧಿಸಿದ ಮೇಲೆ ಗೋಡೆಯ ಮೇಲಿನ ಅಕ್ಷರವನ್ನಷ್ಟೇ ನೋಡಿ ಮಗಳನ್ನು ಸೇರಿಸುವುದು ಜಾಣತನವಲ್ಲ.

ಕಾನೂನಿನ ಅಂಗಳದಲ್ಲಿಯೂ ಬಹಳಷ್ಟು ಬದಲಾಗಿದೆ. ಒಂದರಿಂದ ಐದನೇ ತರಗತಿಯವರೆಗೆ ಕಲಿಸಲು ಬಿ.ಇಡಿ. ಅರ್ಹತೆಯಲ್ಲ, ಅದಕ್ಕೆ ಡಿ.ಎಲ್.ಇಡಿ. ಬೇಕು ಎಂದು 2023ರ ಆಗಸ್ಟಿನಲ್ಲಿ ಸುಪ್ರೀಮ್ ಕೋರ್ಟು ತೀರ್ಪಿತ್ತಿತು. ಪಕ್ಕದ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ಕೆಲಸ ಸಿಗಬಹುದೆಂದು ಮಗಳನ್ನು ಬಿ.ಇಡಿ.ಗೆ ಕಳುಹಿಸುವ ಅನೇಕ ಹೆತ್ತವರಿಗೆ ಇಂದಿಗೂ ಈ ತೀರ್ಪಿನ ಅರಿವಿಲ್ಲ. 2025ರ ಸೆಪ್ಟೆಂಬರ್ 1ರಂದು ಅದೇ ನ್ಯಾಯಾಲಯ, ನಿವೃತ್ತಿಗೆ ಐದು ವರ್ಷಕ್ಕಿಂತ ಹೆಚ್ಚು ಅವಧಿಯಿರುವ ಸೇವಾನಿರತ ಶಿಕ್ಷಕರೂ ಎರಡು ವರ್ಷದೊಳಗೆ ಅರ್ಹತಾ ಪರೀಕ್ಷೆ ಪಾಸಾಗಬೇಕೆಂದು ಆದೇಶಿಸಿತು. ಅಲ್ಪಸಂಖ್ಯಾತ ಶಾಲೆಗಳಿಗೆ ಶಿಕ್ಷಣ ಹಕ್ಕು ಕಾಯಿದೆ ಅನ್ವಯಿಸುವುದೇ ಎಂಬ ಪ್ರಶ್ನೆಯನ್ನು ಮಾತ್ರ ವಿಸ್ತೃತ ಪೀಠದ ಪರಿಶೀಲನೆಗೆ ಬಿಟ್ಟಿತು. ಅಂದ ಹಾಗೆ, ಆ ಮೊಕದ್ದಮೆಯಲ್ಲಿ ಅರ್ಜಿದಾರರಾಗಿದ್ದುದು ಅಂಜುಮನ್ ಇಶಾಅತೆ ತಾಲೀಮ್ ಎಂಬ ಟ್ರಸ್ಟು.

ಇಲ್ಲಿ ನಾವು ನಮ್ಮವರೊಂದಿಗೆ ನೇರವಾಗಿ ಮಾತನಾಡಬೇಕಾಗಿದೆ. ಸಂವಿಧಾನದ 30ನೇ ವಿಧಿಯು ನಮಗೆ ಶಿಕ್ಷಣ ಸಂಸ್ಥೆಗಳನ್ನು ಸ್ಥಾಪಿಸುವ ಮತ್ತು ನಡೆಸುವ ಹಕ್ಕು ನೀಡಿದೆ. ಅದನ್ನು ಮೊಟಕುಗೊಳಿಸುವ ಯಾವ ಪ್ರಯತ್ನವನ್ನೂ ವಿರೋಧಿಸಲೇಬೇಕು. ಆದರೆ ಆಡಳಿತ ನಡೆಸುವ ಹಕ್ಕಿನಲ್ಲಿ ದುರಾಡಳಿತ ನಡೆಸುವ ಹಕ್ಕು ಸೇರಿಲ್ಲವೆಂದು ಸುಪ್ರೀಮ್ ಕೋರ್ಟು 1958ರಲ್ಲಿಯೇ, ಕೇರಳ ಶಿಕ್ಷಣ ಮಸೂದೆಯ ಪ್ರಕರಣದಲ್ಲಿ ಹೇಳಿತ್ತು. ನ್ಯಾಯಾಲಯ ನಮ್ಮ ಶಾಲೆಗಳಿಗೆ ವಿನಾಯಿತಿ ಕೊಡಲಿ, ಬಿಡಲಿ, ಆ ಶಾಲೆಗಳ ಬೆಂಚುಗಳ ಮೇಲೆ ಕುಳಿತಿರುವುದು ನಮ್ಮದೇ ಮಕ್ಕಳು. ಭಾಗಾಕಾರ ಕಲಿಸಲು ಬಾರದ ಶಿಕ್ಷಕಿಯ ಕೈಗೆ ಅವರನ್ನು ಒಪ್ಪಿಸಿ ಅದು ನಮ್ಮ ಹಕ್ಕು ಎನ್ನಲಾದೀತೇ?

ದೇಶದಲ್ಲಿ ನಮ್ಮ ಸಮುದಾಯದ ಆಡಳಿತ ಮಂಡಳಿಗಳು ನಡೆಸುವ ಬಿ.ಇಡಿ. ಕಾಲೇಜುಗಳು ಹಲವಿವೆ. ನಿಷ್ಠೆಯಿಂದ ನಡೆಯುವವುಗಳಿಗೆ ಅಭಿನಂದನೆ. ಆದರೆ ಹಾಜರಾತಿ ಪುಸ್ತಕದಲ್ಲಿ ಸುಳ್ಳು ಸಹಿ ಹಾಕಿಸಿ, ಆ ಶುಲ್ಕದಿಂದ ಕಟ್ಟಡದ ಮೇಲೊಂದು ಮಹಡಿ ಏರಿಸಿದವರೂ ಇದ್ದಾರೆ. ಸುಳ್ಳು ಸಾಕ್ಷ್ಯ ಮಹಾಪಾಪವೆಂದು ಸಭೆಗಳಲ್ಲಿ ಕೇಳಿ ತಲೆದೂಗುವ ಇವರು ಇಪ್ಪತ್ತು ವಾರದ ಇಂಟರ್ನ್‌ಶಿಪ್‌ನ ಸುಳ್ಳು ಪ್ರಮಾಣಪತ್ರವನ್ನು ಯಾವ ಲೆಕ್ಕದಲ್ಲಿ ಬರೆದಿಡುತ್ತಾರೆ?

ಉರ್ದು ಮಾಧ್ಯಮದ ಕಡೆಗೂ ಗಮನ ಹರಿಸಬೇಕು. 1998ರಲ್ಲಿ ಹೈದರಾಬಾದಿನಲ್ಲಿ ಸ್ಥಾಪನೆಯಾದ ಮೌಲಾನಾ ಆಝಾದ್ ರಾಷ್ಟ್ರೀಯ ಉರ್ದು ವಿಶ್ವವಿದ್ಯಾಲಯ ನಮ್ಮ ಬೀದರ್‌ನಲ್ಲಿ ತನ್ನದೇ ಶಿಕ್ಷಕ ಶಿಕ್ಷಣ ಕಾಲೇಜನ್ನು ಹೊಂದಿದೆ. ಉರ್ದು ಶಾಲೆಗಳಿಗೆ ಒಳ್ಳೆಯ ಶಿಕ್ಷಕರಿಲ್ಲವೆಂದು ಕೊರಗುವ ನಮ್ಮಲ್ಲಿ ಎಷ್ಟು ಮಂದಿ ಆ ಕಾಲೇಜಿನ ಪ್ರವೇಶ ಪ್ರಕಟಣೆಯನ್ನು ಮಸೀದಿಯ ಫಲಕದಲ್ಲಿ ಹಚ್ಚಿದ್ದೇವೆ?

ಹೆತ್ತವರು ಈ ಬಾರಿ ಶುಲ್ಕ ಕಟ್ಟುವ ಮುನ್ನ ಕಾಲೇಜಿನವರಲ್ಲಿ ಒಂದು ಪಟ್ಟಿ ಕೇಳಲಿ: ಕಳೆದ ವರ್ಷ ವಿದ್ಯಾರ್ಥಿನಿಯರು ಇಂಟರ್ನ್‌ಶಿಪ್‌ಗೆ ಹೋದ ಶಾಲೆಗಳು ಯಾವುವು? ಆ ಶಾಲೆಗಳಲ್ಲೊಂದಕ್ಕೆ ತಾವೇ ಹೋಗಿ, ಅವರು ನಿಜಕ್ಕೂ ಬಂದಿದ್ದರೇ ಎಂದು ವಿಚಾರಿಸಲಿ. ಎನ್‌ಸಿಟಿಇ ಮಾನ್ಯತೆಯ ಆದೇಶದಲ್ಲಿರುವ ಕೋರ್ಸಿನ ಹೆಸರು, ಸೀಟುಗಳ ಸಂಖ್ಯೆ, ಅದು ಇಂದು ಚಾಲ್ತಿಯಲ್ಲಿದೆಯೇ ಎಂಬುದನ್ನು ಪರಿಷತ್ತಿನ ದಾಖಲೆಯೊಂದಿಗೆ ತಾಳೆ ನೋಡಲಿ. ಇಷ್ಟಕ್ಕೆ ಅರ್ಧ ದಿನ ಸಾಕು.

ಆಡಳಿತ ಮಂಡಳಿಗಳಿಗಾದರೋ ಅರ್ಧ ದಿನ ಸಾಲದು. ಬರೀ ಬಿ.ಇಡಿ. ನಡೆಸುವ ಒಂಟಿ ಕಾಲೇಜುಗಳು 2030ರೊಳಗೆ ಬಹುಶಿಸ್ತೀಯ ಸಂಸ್ಥೆಗಳಾಗಬೇಕೆಂದು 2020ರ ನೀತಿ ಹೇಳಿದೆ. ಕಲೆ, ವಿಜ್ಞಾನ, ವಾಣಿಜ್ಯ ಪದವಿಗಳೂ ಒಂದೇ ಸೂರಿನಡಿ ಇರಬೇಕೆಂಬುದು ಇದರ ಅರ್ಥ. ಒಂದೇ ಊರಿನಲ್ಲಿ ಒಂದು ಟ್ರಸ್ಟಿಗೆ ಬಿ.ಇಡಿ. ಕಾಲೇಜು, ಎದುರಿನ ಬೀದಿಯಲ್ಲಿ ಇನ್ನೊಂದು ಟ್ರಸ್ಟಿಗೆ ಪದವಿ ಕಾಲೇಜು, ಎರಡೂ ಕಡೆಯ ಪದಾಧಿಕಾರಿಗಳಿಗೆ ವರ್ಷಗಳಿಂದ ಮಾತಿಲ್ಲ: ಇಂತಹ ಊರುಗಳನ್ನು ಓದುಗರೇ ಹೆಸರಿಸಬಲ್ಲರು. ಇವೆರಡೂ ಒಂದಾಗದೆ ಮುಂದಿನ ಮಾನ್ಯತೆಯನ್ನು ಹೇಗೆ ಪಡೆಯಲಿವೆ ಎಂಬುದನ್ನು ಮುಂದಿನ ಸರ್ವಸದಸ್ಯರ ಸಭೆಯಲ್ಲಿ ಯಾರಾದರೂ ಎದ್ದುನಿಂತು ಕೇಳಬೇಕು.